ಪೈಪ್ ಇಳಿಯಿತು, ವಾಲ್ವ್ ಏರಿತು. ಪ್ಲಂಬರ್ ಕೈಲಿ ಉಳಿದಿದ್ದೆಷ್ಟು?

ರಜೆಗೆ ಊರಿಗೆ ಹೋದಾಗ ನನಗೊಂದು ಖಾಯಂ ಕೆಲಸ ಇರುತ್ತದೆ. ಆಡಕಿಯಲ್ಲಿ ಪ್ಲಂಬಿಂಗ್ ಮಾಡುವ ಸೋದರಮಾವನ ಬೈಕಿನ ಹಿಂದೆ ಕೂತು ಸೇಡಂಗೆ ಹೋಗುವುದು, ಅಂಗಡಿಯಲ್ಲಿ ಸಾಮಾನು ಎಣಿಸಿ ಚೀಲಕ್ಕೆ ತುಂಬುವುದು, ಬಿಲ್ ಕೂಡಿಸಿ ನೋಡುವುದು. ಎಂಜಿನಿಯರಿಂಗ್ ಓದುವ ಅಳಿಯ ಇದ್ದಾನೆಂದರೆ ಲೆಕ್ಕ ಅವನೇ ಮಾಡಬೇಕು ಎಂಬುದು ಮಾವನ ನ್ಯಾಯ.

ಈ ಸಲದ ದೀಪಾವಳಿಗೆ ಹೋದಾಗ ಬಿಲ್ ನೋಡಿ ಮಾವ ತಲೆ ಕೆರೆದುಕೊಂಡ. ಪಿವಿಸಿ ಪೈಪಿನ ಸಾಲಿನಲ್ಲಿ ರೇಟ್ ಹೋದ ವರ್ಷಕ್ಕಿಂತ ಕಡಿಮೆ ಇತ್ತು. ಆದರೆ ಹಿತ್ತಾಳೆಯ ಬಾಲ್ ವಾಲ್ವ್, ನಳ, ನಾನ್ ರಿಟರ್ನ್ ವಾಲ್ವ್ ಸಾಲಿಗೆ ಬಂದರೆ ಎಲ್ಲವೂ ಏರಿತ್ತು.

‘ಅಳಿಯಾ, ಪೈಪ್ ಸಸ್ತಾ ಆಗ್ಯಾದ ಅಂತ ಮನಿ ಮಾಲಕರು ರೇಟ್ ಇಳಿಸು ಅಂತಾರ. ವಾಲ್ ತುಟ್ಟಿ ಆಗ್ಯಾವಂದ್ರ ಯಾರೂ ಕೇಳಲ್ಲ. ನಡುವ ನಂದು ಕೂಲಿ ಹೋಗ್ತದ ನೋಡು’ ಎಂದ.

ಈ ಮಾತು ತಲೆಯಲ್ಲೇ ಉಳಿಯಿತು. ಒಂದೇ ಅಂಗಡಿ, ಒಂದೇ ಬಿಲ್. ಒಂದು ಸಾಮಾನು ಇಳಿದಿದೆ, ಇನ್ನೊಂದು ಏರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ ಪಾನಾ ಹಿಡಿದು ಬದುಕುವ ಪ್ರತಿಯೊಬ್ಬನೂ ಈ ರೇಟಿನ ಆಟದಲ್ಲಿ ಸಿಕ್ಕಿಕೊಂಡಿದ್ದಾನೆ. ಈ ರೇಟ್ ಎಲ್ಲಿಂದ ಬರುತ್ತದೆ? ಯಾರು ತೀರ್ಮಾನಿಸುತ್ತಾರೆ? ಕೆಲಸ ಹುಡುಕುತ್ತಿರುವ ನಮ್ಮಂಥವರು ಇದನ್ನು ತಿಳಿಯಬೇಕು. ನಮ್ಮ ಭಾಗದ ಎಷ್ಟೋ ಹುಡುಗರಿಗೆ ಮುಂದಿನ ಅನ್ನ ಇದೇ ಕಸುಬಿನಲ್ಲಿದೆ.

ಪೈಪಿನ ಬೆಲೆ ಹುಟ್ಟುವುದು ಎಲ್ಲಿ?

ಪಿವಿಸಿ ಪೈಪಿನ ಮೂಲ ಬಿಳಿ ಪುಡಿಯಂಥ ರಾಳ. ವ್ಯಾಪಾರದ ಭಾಷೆಯಲ್ಲಿ ರೆಸಿನ್. ತೂಕದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಉಪ್ಪಿನಿಂದ ಬರುವ ಕ್ಲೋರಿನ್. ಉಳಿದದ್ದು ಪೆಟ್ರೋಲಿಯಂ ಅಥವಾ ಕಲ್ಲಿದ್ದಲಿನಿಂದ ಬರುವ ಅಂಶ. ಚೀನಾದಲ್ಲಿ ಇದನ್ನು ಹೆಚ್ಚಾಗಿ ಕಲ್ಲಿದ್ದಲು ಮತ್ತು ಸುಣ್ಣದ ಕಲ್ಲಿನಿಂದ ತಯಾರಾಗುವ ಕಾರ್ಬೈಡ್ ಮೂಲಕ ಮಾಡುತ್ತಾರೆ. ನಮ್ಮ ಕಾಲಡಿಯ ಸುಣ್ಣದ ಕಲ್ಲಿನಿಂದ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಆಗುತ್ತದೆ. ಅಂಥದ್ದೇ ಕಲ್ಲು ಚೀನಾದಲ್ಲಿ ಪೈಪಿನ ರಾಳವಾಗುತ್ತದೆ!

ಭಾರತಕ್ಕೆ ವರ್ಷಕ್ಕೆ 40 ಲಕ್ಷ ಟನ್‌ಗೂ ಹೆಚ್ಚು ಪಿವಿಸಿ ರಾಳ ಬೇಕು. ಇಲ್ಲಿ ತಯಾರಾಗುವುದು ಅದರ ಅರ್ಧಕ್ಕಿಂತ ಕಡಿಮೆ. ರಿಲಯನ್ಸ್, ಕೆಮ್‌ಪ್ಲಾಸ್ಟ್ ಸನ್ಮಾರ್, ರತ್ನಾಗಿರಿಯಲ್ಲಿ ಘಟಕವಿರುವ ಫಿನೋಲೆಕ್ಸ್‌ನಂಥ ಕೆಲವೇ ಕಂಪನಿಗಳು ಅದನ್ನು ಮಾಡುತ್ತವೆ. ಉಳಿದದ್ದು ಚೀನಾ, ತೈವಾನ್, ಜಪಾನ್, ಕೊರಿಯಾ ಮುಂತಾದ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಹೀಗಾಗಿ ಅಲ್ಲಿ ಕೆಮ್ಮಿದರೆ ಸೇಡಂನ ಅಂಗಡಿಯಲ್ಲಿ ಶೀತ.

2021 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಭಾರಿ ಹಿಮ ಬಿದ್ದು ರಾಸಾಯನಿಕ ಕಾರ್ಖಾನೆಗಳು ನಿಂತವು. ಆಗಸ್ಟ್ ಕೊನೆಯಲ್ಲಿ ಐಡಾ ಚಂಡಮಾರುತ ಲೂಸಿಯಾನಾಕ್ಕೆ ಅಪ್ಪಳಿಸಿತು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಚೀನಾದಲ್ಲಿ ಕರೆಂಟ್ ಕಡಿತವಾಗಿ ಅಲ್ಲಿಯ ಉತ್ಪಾದನೆಯೂ ಕುಸಿಯಿತು. ಅದರ ಮೇಲೆ ಕೋವಿಡ್ ಕಾಲದ ಹಡಗು ಬಾಡಿಗೆ. 2020ರ ಮಧ್ಯಭಾಗಕ್ಕೆ ಹೋಲಿಸಿದರೆ 2021ರ ಕೊನೆಯ ಹೊತ್ತಿಗೆ ರಾಳದ ಬೆಲೆ ಸುಮಾರು ಎರಡು ಪಟ್ಟು ಆಗಿತ್ತು.

ಆಗ ನಾನು ಹೈಸ್ಕೂಲು ಹುಡುಗ. ಮಾವ ಒಂದು ಮನೆಗೆ ‘ಸಾಮಾನು ಸಮೇತ’ ಇಷ್ಟು ಎಂದು ಬಾಯಿಮಾತಿನಲ್ಲಿ ಗುತ್ತಿಗೆ ಹಿಡಿದಿದ್ದ. ಗೋಡೆ ಏಳುವುದು ತಡವಾಯಿತು. ಪೈಪ್ ಹಾಕುವ ಹೊತ್ತಿಗೆ ರೇಟ್ ಕೈಗೆ ಸಿಗದಷ್ಟು ಏರಿತ್ತು. ಮಾಲಕರು ‘ಮಾತಂದ್ರ ಮಾತು’ ಎಂದರು. ಅತ್ತೆಯ ಕೊರಳ ಸರ ಸೇಡಂನಲ್ಲಿ ಒತ್ತೆ ಬಿದ್ದದ್ದು ಆ ವರ್ಷ. ಮನೆಯಲ್ಲಿ ಅದಕ್ಕೆ ಮಾವನ ಹಣೆಬರಹ ಅಂದರು. ಅದರ ಹಿಂದೆ ಟೆಕ್ಸಾಸ್‌ನ ಹಿಮ ಇತ್ತೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದಮೇಲೆ.

ಲೆಕ್ಕ ಸರಳ. ಒಂದು ಕೆಲಸಕ್ಕೆ ₹20,000 ಒಪ್ಪಿದ್ದೀರಿ ಅಂತಿಟ್ಟುಕೊಳ್ಳಿ. ಅದರಲ್ಲಿ ಸಾಮಾನಿಗೆ ₹14,000, ಕೂಲಿ ₹6,000. ಸಾಮಾನು ಶೇ 20ರಷ್ಟು ಏರಿದರೆ ₹2,800 ಹೆಚ್ಚು ಖರ್ಚು. ಕೂಲಿ ₹3,200ಕ್ಕೆ ಇಳಿಯಿತು. ಅಂದರೆ ಸಾಮಾನು ಏರಿದ್ದು ಶೇ 20, ಕೂಲಿ ಬಿದ್ದದ್ದು ಸುಮಾರು ಶೇ 47. ಷೇರು ಪೇಟೆಯಲ್ಲಿ ಆಡುವವರೂ ಅಂಜುವಂಥ ಅಪಾಯವನ್ನು ನಮ್ಮೂರ ಪ್ಲಂಬರ್ ಒಂದು ಚಹಾ ಕುಡಿಯುತ್ತ ಒಪ್ಪಿಕೊಳ್ಳುತ್ತಾನೆ.

ಈಗ ಪರಿಸ್ಥಿತಿ ತಿರುಗಿದೆ. ಚೀನಾದಲ್ಲಿ ಮನೆ ಕಟ್ಟುವ ಕೆಲಸ ಕುಗ್ಗಿದೆ, ಕಾರ್ಖಾನೆಗಳು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ರಾಳ ಮಾಡುತ್ತಿವೆ. ಆ ಮಾಲು ಅಗ್ಗದ ದರದಲ್ಲಿ ನಮ್ಮ ಕಡೆ ಹರಿದು 2025ರಲ್ಲಿ ಪಿವಿಸಿ ಬೆಲೆ ಕೆಳಗೇ ಉಳಿಯಿತು. ಇದರಿಂದ ದೇಶದ ರಾಳ ತಯಾರಕರಿಗೆ ಪೆಟ್ಟು ಬಿತ್ತು. ಚೀನಾ ಸೇರಿದಂತೆ ಕೆಲವು ದೇಶಗಳ ರಾಳದ ಮೇಲೆ ಸುರಿ ತಡೆ ಸುಂಕ ಹಾಕಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯ ನಿರ್ದೇಶನಾಲಯ 2025ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತು. ಇಂಥ ಸುಂಕ ದೇಶೀಯ ಕಾರ್ಖಾನೆಯನ್ನು ಕಾಯುತ್ತದೆ, ನಿಜ. ಆದರೆ ಅದರ ಹೊರೆ ಕೊನೆಗೆ ಪೈಪ್ ಕೊಳ್ಳುವವನ ಹೆಗಲಿಗೇ ಬರುತ್ತದೆ. ದೆಹಲಿಯ ಆ ಚರ್ಚೆಯಲ್ಲಿ ರಾಳ ಮಾಡುವವರಿಗೂ ಪೈಪ್ ಮಾಡುವವರಿಗೂ ಸಂಘಗಳಿವೆ. ಪೈಪ್ ಜೋಡಿಸುವವರ ದನಿ ಮಾತ್ರ ಕೇಳಿಸುವುದಿಲ್ಲ.

ವಾಲ್ವ್ ಏಕೆ ಏರಿತು?

ವಾಲ್ವ್ ಮತ್ತು ನಳದ ಕಥೆ ಬೇರೆ. ಅವುಗಳ ಜೀವ ಹಿತ್ತಾಳೆ. ಅದರಲ್ಲಿ ಸುಮಾರು ಐದರಲ್ಲಿ ಮೂರು ಪಾಲು ತಾಮ್ರ, ಉಳಿದದ್ದು ಹೆಚ್ಚಾಗಿ ಸತು. ದೇಶದ ಹಿತ್ತಾಳೆ ಬಿಡಿಭಾಗಗಳ ದೊಡ್ಡ ಕೇಂದ್ರ ಗುಜರಾತಿನ ಜಾಮ್‌ನಗರ. ಅಲ್ಲಿಯ ಸಣ್ಣ ಕಾರ್ಖಾನೆಗಳು ವಿದೇಶದಿಂದ ಬರುವ ಹಿತ್ತಾಳೆ ಗುಜರಿಯನ್ನೂ ಕರಗಿಸಿ ಸಾಮಾನು ಮಾಡುತ್ತವೆ. ತಾಮ್ರ ಏರಿದರೆ ಗುಜರಿಯೂ ಏರುತ್ತದೆ.

2025ರ ಸೆಪ್ಟೆಂಬರ್ 8ರಂದು ಇಂಡೊನೇಷ್ಯಾದ ಗ್ರಾಸ್‌ಬರ್ಗ್ ತಾಮ್ರದ ಗಣಿಯೊಳಗೆ ಕೆಸರು ನುಗ್ಗಿ ಏಳು ಕಾರ್ಮಿಕರು ಸತ್ತರು. ಜಗತ್ತಿನ ಅತಿ ದೊಡ್ಡ ತಾಮ್ರದ ಗಣಿಗಳಲ್ಲಿ ಒಂದಾದ ಅದು ಕೆಲಸ ನಿಲ್ಲಿಸಿತು. ವಿದ್ಯುತ್ ವಾಹನ, ವಿದ್ಯುತ್ ಜಾಲ, ಡೇಟಾ ಸೆಂಟರ್‌ಗಳಿಗೆ ತಾಮ್ರದ ಬೇಡಿಕೆ ಮೊದಲೇ ಏರಿತ್ತು. ಅಕ್ಟೋಬರ್ ಕೊನೆಗೆ, ಅಂದರೆ ದೀಪಾವಳಿ ಮುಗಿದ ವಾರ, ಲಂಡನ್ ಪೇಟೆಯಲ್ಲಿ ತಾಮ್ರ ಟನ್‌ಗೆ 11,000 ಡಾಲರ್ ದಾಟಿ ದಾಖಲೆ ಬರೆಯಿತು. ಕೃತಕ ಬುದ್ಧಿಮತ್ತೆಗೂ ಆಡಕಿಯ ನಳಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ತಾಮ್ರ ಎಂದು ಹೇಳಬಹುದು.

ನಮ್ಮ ಭಾಗಕ್ಕೆ ಇದು ಇನ್ನೂ ಹೆಚ್ಚು ತಾಗಲು ಕಾರಣ ನೀರು. ಸುಣ್ಣದ ಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಬಕೆಟ್ ಅಂಚಿನ ಬಿಳಿ ಗೆರೆ, ಗೀಸರ್ ಕಾಯಿಲ್ ಮೇಲಿನ ಪದರ ಎಲ್ಲರೂ ನೋಡಿದ್ದೇವೆ. ಅದೇ ಸುಣ್ಣ ವಾಲ್ವಿನ ಒಳಗೆ ಕೂತು ಹಿಡಿಕೆ ತಿರುಗದಂತೆ ಮಾಡುತ್ತದೆ. ಜೋರು ಮಾಡಿದರೆ ಹಿಡಿಕೆ ಕೈಗೇ ಬರುತ್ತದೆ. ಸಿಹಿನೀರಿನ ಊರಲ್ಲಿ ಬಹುಕಾಲ ಬಾಳುವ ವಾಲ್ವ್ ಇಲ್ಲಿ ಬೇಗ ಸಾಯುತ್ತದೆ. ತುಟ್ಟಿಯಾದ ಸಾಮಾನನ್ನೇ ನಾವು ಪದೇ ಪದೇ ಕೊಳ್ಳಬೇಕು.

ಶೇ 18ರ ಲೆಕ್ಕ

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ನಮ್ಮ ನೆಲದಲ್ಲೇ ತಯಾರಾಗುವ ಸಿಮೆಂಟ್ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಲದ ಹನಿ ನೀರಾವರಿ, ತುಂತುರು ನೀರಾವರಿ ಸಲಕರಣೆ ಶೇ 12ರಿಂದ ಶೇ 5ಕ್ಕೆ ಬಂತು. ಮನೆಗೆ ಹಾಕುವ ಪಿವಿಸಿ ಪೈಪ್, ಫಿಟ್ಟಿಂಗ್, ವಾಲ್ವ್ ಮಾತ್ರ ಹಿಂದೆಯೂ ಶೇ 18, ಈಗಲೂ ಶೇ 18.

₹10,000 ಸಾಮಾನಿಗೆ ₹1,800 ತೆರಿಗೆ. ಜಿಎಸ್‌ಟಿ ನೋಂದಣಿ ಇರುವ ದೊಡ್ಡ ಗುತ್ತಿಗೆದಾರ ತಾನು ವಸೂಲಿ ಮಾಡುವ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳುತ್ತಾನೆ. ಮಾವನಂಥವರಿಗೆ ನೋಂದಣಿ ಇಲ್ಲ. ಸೇವೆಗೆ ವರ್ಷದ ವಹಿವಾಟು ₹20 ಲಕ್ಷದೊಳಗಿದ್ದರೆ ಅದು ಕಡ್ಡಾಯವೂ ಅಲ್ಲ. ನೋಂದಣಿ ಮಾಡಿಸಿದರೆ ಕೂಲಿಯ ಮೇಲೂ ಶೇ 18 ಹಾಕಬೇಕಾಗಿ ಮನೆಯವರಿಗೆ ಕೆಲಸ ಇನ್ನೂ ತುಟ್ಟಿಯಾಗುತ್ತದೆ. ಆದ್ದರಿಂದ ಅದೂ ದಾರಿಯಲ್ಲ. ತೆರಿಗೆಯ ಕೊನೆಯ ಭಾರ ಮನೆ ಕಟ್ಟುವವನದ್ದೇ ಇರಬಹುದು. ಆದರೆ ಅವನು ರೊಕ್ಕ ಕೊಡುವವರೆಗೆ ಆ ₹1,800 ಹೊತ್ತು ನಿಲ್ಲುವವನು ಪ್ಲಂಬರ್.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದೇ ‘ಮನೆ ಮನೆಗೆ ಗಂಗೆ’. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. 2025ರ ಬಜೆಟ್‌ನಲ್ಲಿ ಅವಧಿಯನ್ನು 2028ರವರೆಗೆ ವಿಸ್ತರಿಸಿ ₹67,000 ಕೋಟಿ ಇಡಲಾಯಿತು. ನಳ ಮನೆ ಬಾಗಿಲಿಗೆ ಬರುವುದನ್ನು ಸರ್ಕಾರ ಹಕ್ಕಿನಂತೆ ಕಾಣುತ್ತದೆ. ಆ ನೀರು ಬಾಗಿಲಿನಿಂದ ಅಡುಗೆಮನೆಗೆ, ಬಚ್ಚಲಿಗೆ ಹೋಗಲು ಬೇಕಾದ ಪೈಪಿಗೆ ಮಾತ್ರ ಶೇ 18. ಹೊಲದ ನೀರಿಗೆ ಕೊಟ್ಟ ರಿಯಾಯಿತಿಯನ್ನು ಕುಡಿಯುವ ನೀರಿನ ಪೈಪಿಗೂ ಕೊಡಬಹುದಲ್ಲವೇ?

ಎಲ್ಲಕ್ಕಿಂತ ತುಟ್ಟಿ ಉದ್ರಿ

ಇಷ್ಟೆಲ್ಲ ಓದಿದ ಮೇಲೆ ಮಾವನ ಹಳೆಯ ಡೈರಿ ತೆಗೆದು ಕೂತೆ. ಆಗ ಗೊತ್ತಾಯಿತು, ರಾಳ, ತಾಮ್ರ, ತೆರಿಗೆಗಿಂತ ದೊಡ್ಡ ವಿಷಯ ಬೇರೆಯೇ ಇದೆ. ಅದು ಉದ್ರಿ.

ಪೈಪ್ ವ್ಯಾಪಾರದಲ್ಲಿ ಕಂಪನಿಯ ರೇಟ್ ಲಿಸ್ಟ್ ಒಂದು, ಅಂಗಡಿಯವರು ಕೊಡುವ ರೇಟ್ ಇನ್ನೊಂದು. ಲಿಸ್ಟ್ ಮೇಲೆ ಎಷ್ಟು ಡಿಸ್ಕೌಂಟ್ ಎಂಬುದರ ಮೇಲೆ ಎಲ್ಲ ನಿಂತಿದೆ. ಲೆಕ್ಕಕ್ಕೆ ಲಿಸ್ಟ್ ಬೆಲೆ ₹100 ಇರಲಿ. ನಗದು ಕೊಡುವವನಿಗೆ ಶೇ 40 ಡಿಸ್ಕೌಂಟ್ ಸಿಕ್ಕರೆ ₹60, ಅದಕ್ಕೆ ಜಿಎಸ್‌ಟಿ ಸೇರಿ ₹70.80. ಉದ್ರಿಯವನಿಗೆ ಶೇ 30 ಸಿಕ್ಕರೆ ₹70, ಜಿಎಸ್‌ಟಿ ಸೇರಿ ₹82.60. ಡಿಸ್ಕೌಂಟ್‌ನಲ್ಲಿ ಬರೀ ಹತ್ತರ ವ್ಯತ್ಯಾಸ ಅನಿಸುತ್ತದೆ. ಆದರೆ ಉದ್ರಿಯವನು ಸುಮಾರು ಶೇ 17ರಷ್ಟು ಹೆಚ್ಚು ಕೊಟ್ಟ. ಆ ರೊಕ್ಕವನ್ನು ಎರಡು ತಿಂಗಳಲ್ಲಿ ತೀರಿಸಿದರೆ, ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಬಡ್ಡಿ!

ಇದರಲ್ಲಿ ಅಂಗಡಿಯವರನ್ನು ಬೈದು ಉಪಯೋಗವಿಲ್ಲ. ಅವರೂ ಕಲಬುರಗಿಯ, ಹೈದರಾಬಾದ್‌ನ ಸಗಟು ವ್ಯಾಪಾರಿಗಳಿಗೆ ರೊಕ್ಕ ಕಟ್ಟಬೇಕು. ಉದ್ರಿ ಒಯ್ದು ಊರು ಬಿಟ್ಟವರ ಪಟ್ಟಿ ಅವರ ಗಲ್ಲೆಯ ಮೇಲೂ ಇರುತ್ತದೆ. ‘ಬ್ಯಾಂಕ್ ನಿಮಗ ಕೊಡಲ್ಲ, ನಾ ಕೊಡ್ತೀನಿ. ಅದಕ್ಕ ನನಗೂ ಏನಾರ ಉಳೀಬೇಕಲ್ಲ’ ಎಂದು ಒಬ್ಬ ಸಾವಕಾರರು ನೇರವಾಗಿಯೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಉದ್ರಿ ಇರುವವನು ಬೇರೆ ಅಂಗಡಿಯಲ್ಲಿ ರೇಟ್ ಕೇಳಲಾರ, ಹಳೇ ಬಾಕಿ ಇಟ್ಟುಕೊಂಡು ಚೌಕಾಸಿ ಮಾಡಲಾರ. ಅವರು ಕೊಟ್ಟ ಕಂಪನಿಯ ಮಾಲನ್ನೇ ಒಯ್ಯಬೇಕು.

ಇಲ್ಲೇ ಇನ್ನೊಂದು ಇಕ್ಕಟ್ಟು ಹುಟ್ಟುತ್ತದೆ. ಕೂಲಿ ಉಳಿಸಿಕೊಳ್ಳಲು ಕೆಲವರು ಐಎಸ್‌ಐ ಗುರುತಿಲ್ಲದ ತೆಳು ಪೈಪ್ ಹಾಕುತ್ತಾರೆ. ಗೋಡೆಯೊಳಗೆ ಹೋದ ಮೇಲೆ ಯಾರಿಗೂ ಕಾಣದು. ಎರಡು ವರ್ಷಕ್ಕೆ ಗೋಡೆ ತೇವ, ಪ್ಲಂಬರ್ ಹೆಸರು ಹಾಳು. ಮನೆ ಮಾಲಕರು ಚೌಕಾಸಿಯಲ್ಲಿ ಗೆದ್ದೆವು ಅಂದುಕೊಂಡಿರುತ್ತಾರೆ. ಸೋತದ್ದು ಗೋಡೆ ಒಡೆಯುವಾಗ ತಿಳಿಯುತ್ತದೆ.

ಹಾಗಾದರೆ ಮಾಡುವುದೇನು?

ಟೆಕ್ಸಾಸ್‌ನ ಹಿಮವನ್ನೋ ತಾಮ್ರದ ಪೇಟೆಯನ್ನೋ ನಾವು ತಡೆಯಲಾರೆವು. ಆದರೆ ಅದರ ಪೆಟ್ಟು ಯಾರ ಮೇಲೆ ಬೀಳಬೇಕು ಎಂಬುದನ್ನು ಸ್ವಲ್ಪ ಮಟ್ಟಿಗೆ ತೀರ್ಮಾನಿಸಬಹುದು.

ಮೊದಲನೆಯದು, ಸಾಮಾನು ಬೇರೆ, ಕೂಲಿ ಬೇರೆ. ಅಂದಾಜು ಪಟ್ಟಿಯಲ್ಲಿ ಎರಡು ಕಾಲಂ ಹಾಕಿ, ‘ಈ ರೇಟ್ 15 ದಿನ ಮಾತ್ರ’ ಎಂದು ಬರೆದುಕೊಡಬೇಕು. ಸಾಮಾನು ಇಳಿದರೆ ಮಾಲಕರಿಗೆ ಲಾಭ, ಏರಿದರೆ ಅವರೇ ಕೊಡಲಿ. ಕೂಲಿಯನ್ನು ಯಾವುದೂ ಮುಟ್ಟಬಾರದು.

ಎರಡನೆಯದು, ಸಾಮಾನಿನ ಅರ್ಧವಾದರೂ ಮುಂಗಡ ಕೇಳಬೇಕು, ಅಥವಾ ಮಾಲಕರನ್ನೇ ಅಂಗಡಿಗೆ ಕರೆದೊಯ್ದು ನಗದು ಕೊಡಿಸಬೇಕು. ಅಷ್ಟರಿಂದಲೇ ಡಿಸ್ಕೌಂಟ್ ಬದಲಾಗುತ್ತದೆ. ಉಳಿದಿದ್ದಕ್ಕೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ₹50,000ದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಅದರ ಬಡ್ಡಿ ಎಷ್ಟೇ ಇದ್ದರೂ ಉದ್ರಿಯ ಬಡ್ಡಿಯ ಹತ್ತಿರಕ್ಕೂ ಬಾರದು.

ಮೂರನೆಯದು, ಬೇಕಾದಷ್ಟೇ ದಪ್ಪದ ಪೈಪ್. ಇದು ನಾವು ಎಂಜಿನಿಯರಿಂಗ್‌ನಲ್ಲಿ ಓದುವ ವಿಷಯ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕೆ.ಜಿ. ಎರಡು ಅಂತಸ್ತಿನ ಮನೆಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಆರು ಕೆ.ಜಿ. ಪೈಪಿನ ಒತ್ತಡ ಶಕ್ತಿ ಧಾರಾಳವಾಯಿತು. ಆದರೆ ಆಳದ ಬೋರ್‌ನಿಂದ ಮೋಟರ್ ಎತ್ತುವ ಲೈನಿಗೆ ಕೈ ಬಿಗಿ ಮಾಡಬಾರದು. ಮೋಟರ್ ನಿಂತಾಗ ನೀರು ಹೊಡೆಯುವ ಪೆಟ್ಟೂ ಅಲ್ಲಿ ಸೇರುತ್ತದೆ. ಎಲ್ಲ ಕಡೆ ಒಂದೇ ಪೈಪ್ ಹಾಕುವುದರಲ್ಲಿ ರೊಕ್ಕವೂ ಹೋಗುತ್ತದೆ, ಬಾಳಿಕೆಯೂ ಹೋಗುತ್ತದೆ. ಕುಡಿಯುವ ನೀರಿನ ಯುಪಿವಿಸಿ ಪೈಪ್ ಮೇಲೆ ಐಎಸ್ 4985, ಬಿಸಿನೀರಿನ ಸಿಪಿವಿಸಿ ಮೇಲೆ ಐಎಸ್ 15778 ಇರಬೇಕು. ಲೈಸನ್ಸ್ ಸಂಖ್ಯೆ ಅಸಲಿಯೋ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ನೋಡಬಹುದು.

ನಾಲ್ಕನೆಯದು, ಒಟ್ಟಿಗೆ ಕೊಳ್ಳುವುದು. ಒಂದು ಹೋಬಳಿಯ ಹತ್ತು ಪ್ಲಂಬರ್‌ಗಳು ತಿಂಗಳಿಗೊಮ್ಮೆ ಎಲ್ಬೋ, ಟೀ, ಸಲ್ಯೂಷನ್, ಟೇಪ್, ವಾಲ್ವ್‌ಗಳ ಪಟ್ಟಿಯನ್ನು ಒಂದೇ ಮಾಡಿ ಕಲಬುರಗಿಯಿಂದ ತರಿಸಿದರೆ ಸಗಟು ರೇಟ್ ಸಿಗುತ್ತದೆ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೇಕು, ಅದೇ ಕಷ್ಟದ ಭಾಗ.

ಸರ್ಕಾರದ ಪಾಲೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಿಗ, ಕಮ್ಮಾರ, ಗೌಂಡಿ, ದರ್ಜಿ, ಕ್ಷೌರಿಕ ಎಲ್ಲರೂ ಇದ್ದಾರೆ. ಸಲಕರಣೆಗೆ ₹15,000 ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ ಸಾಲ. ಪ್ಲಂಬರ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಅದು ಪಾರಂಪರಿಕ ಕಸುಬುಗಳ ಯೋಜನೆ ಎಂಬುದು ಕಾರಣ. ಆದರೆ ಮನೆ ಮನೆಗೆ ನಳ ಎಂದ ಮೇಲೆ ಆ ನಳ ಕೂಡಿಸುವವನಿಗೂ ಅಂಥದ್ದೊಂದು ಸಾಲ ಬೇಡವೇ? ಸದ್ಯಕ್ಕೆ ಇರುವ ದಾರಿ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಪ್ಲಂಬರ್ ಅಲ್ಲಿ ಹೆಸರು ನೋಂದಾಯಿಸಬಹುದು. ನಮ್ಮೂರಲ್ಲಿ ಎಷ್ಟೋ ಜನ ಆ ಅರ್ಜಿಯನ್ನೇ ಹಾಕಿಲ್ಲ. ಮಾವನದ್ದು ನಾನು ಈ ರಜೆಯಲ್ಲಿ ಹಾಕಿದೆ.

ಗೆಳೆಯರೇ, ನಮ್ಮ ತಾಲ್ಲೂಕುಗಳ ಹುಡುಗರು ಹೈದರಾಬಾದ್‌ಗೆ, ಪುಣೆಗೆ, ಬೆಂಗಳೂರಿಗೆ ಕೂಲಿಗೆ ಹೋಗುತ್ತಲೇ ಇದ್ದಾರೆ. ಊರಲ್ಲೇ ಉಳಿದು ಮಾಡಬಹುದಾದ ಕೆಲವೇ ಕೆಲಸಗಳಲ್ಲಿ ಪ್ಲಂಬಿಂಗ್ ಒಂದು. ಐಟಿಐಯಲ್ಲಿ ಒಂದೇ ವರ್ಷದ ಕೋರ್ಸ್. ಅಲ್ಲಿ ಪೈಪ್ ಕೊಯ್ಯುವುದು, ಚೂಡಿ ಹಾಕುವುದು ಕಲಿಸುತ್ತಾರೆ. ರೇಟ್ ಲಿಸ್ಟ್ ಓದುವುದು, ಅಂದಾಜು ಬರೆಯುವುದು, ಉದ್ರಿಯ ಬಡ್ಡಿ ಎಣಿಸುವುದನ್ನೂ ಅಷ್ಟೇ ಗಂಭೀರವಾಗಿ ಕಲಿಸಬೇಕು. ಕೈ ಚಳಕ ಇದ್ದೂ ಸೋತವರನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಮನೆಯಲ್ಲಿ ಇಂಥ ಒಬ್ಬ ಮಾವ, ಕಾಕಾ, ಅಣ್ಣ ಇದ್ದರೆ ಅವರ ಡೈರಿ ಒಮ್ಮೆ ತೆಗೆದು ನೋಡಿ. ನಾವು ಓದಿದ್ದು ಅವರಿಗೆ ಒಂದು ದಿನವಾದರೂ ಉಪಯೋಗವಾಗಲಿ.

ಕಾಲೇಜಿಗೆ ಹೊರಡುವ ಹಿಂದಿನ ದಿನ ಮಾವನಿಗೆ ಎರಡು ಕಾಲಂ ಇರುವ ಅಂದಾಜು ಪಟ್ಟಿ ಮಾಡಿಕೊಟ್ಟೆ. ಹೊಸ ಮನೆಯ ಮಾಲಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದೇನ್ರೀ, ಒಮ್ಮೆಲೆ ಎಂಜಿನಿಯರ್ ಆಗೀರಿ’ ಎಂದು ನಕ್ಕರಂತೆ. ಆಮೇಲೆ ಸಾಮಾನಿನ ರೊಕ್ಕ ಮುಂಗಡವೇ ಕೊಟ್ಟರಂತೆ. ಮಾವ ಫೋನ್ ಮಾಡಿ ಹೇಳಿದ್ದು ಇಷ್ಟೇ: ‘ಅಳಿಯಾ, ಈ ಸಲ ವಾಲ್ ತುಟ್ಟಿ ಆದರೂ ರಾತ್ರಿ ನಿದ್ದಿ ಬಂತು ನೋಡು.’